ಒಂದು ಸೈಕಲ್ಲು, ಎರಡು ಜೊತೆ ಗಾಲಿ

ಇಂಗ್ಲೆಂಡಿನ ಹಳ್ಳಿಗಾಡಿನ ರಸ್ತೆಗಳಲ್ಲಿ 1930ರಿಂದ 1950ರ ದಶಕದವರೆಗೆ, ಭಾನುವಾರದ ನಸುಕಿನಲ್ಲಿ ಒಂದು ವಿಚಿತ್ರ ವಾಹನ ಕಾಣಸಿಗುತ್ತಿತ್ತು. ಸವಾರ ಒಬ್ಬ, ಸೈಕಲ್ ಒಂದು, ಗಾಲಿಗಳು ಮಾತ್ರ ನಾಲ್ಕು. ಎರಡು ನೆಲದ ಮೇಲೆ ಉರುಳುತ್ತಿದ್ದರೆ ಇನ್ನೆರಡು ಮುಂಗಾಲಿಯ ಎಡಕ್ಕೊಂದು ಬಲಕ್ಕೊಂದರಂತೆ, ಆನೆಯ ಕಿವಿಗಳ ಹಾಗೆ ನಿಂತಿರುತ್ತಿದ್ದವು. ಮುಂದಿನ ಆಕ್ಸಲ್ಲಿಗೆ ಸಿಕ್ಕಿಸಿದ ಎರಡು ಚಿಕ್ಕ ಲೋಹದ ಪಟ್ಟಿಗಳು ಅವುಗಳ ನಡುವನ್ನು ಹಿಡಿದಿಡುತ್ತಿದ್ದವು. ಮೇಲಿನ ತುದಿಯನ್ನು ಹ್ಯಾಂಡಲ್ಲಿಗೆ ಬಿಗಿದು ಕಟ್ಟಿರುತ್ತಿದ್ದರು. ಸವಾರ ಹೀಗೇ ಹತ್ತಾರು ಮೈಲಿ ತುಳಿದು ಸ್ಪರ್ಧೆಯ ಜಾಗಕ್ಕೆ ಬರುತ್ತಿದ್ದ. ಅಲ್ಲಿ ಓಡಿಸಿಕೊಂಡು ಬಂದ ಗಾಲಿಗಳನ್ನು ಬಿಚ್ಚಿ ಬೇಲಿಯ ಪಕ್ಕಕ್ಕೆ ಒರಗಿಸಿ, ಹೊತ್ತು ತಂದ ಗಾಲಿಗಳನ್ನು ಹಾಕಿ, ಮಡ್‌ಗಾರ್ಡನ್ನೂ ಚೀಲವನ್ನೂ ಕಳಚಿಟ್ಟು ಓಟಕ್ಕೆ ನಿಲ್ಲುತ್ತಿದ್ದ. ಓಟ ಮುಗಿದ ಮೇಲೆ ಮತ್ತೆ ಎಲ್ಲವೂ ಹಿಂದುಮುಂದಾಗಿ. ಸೋಮವಾರ ಅದೇ ಸೈಕಲ್ಲಿನಲ್ಲಿ ಕಾರ್ಖಾನೆಗೋ ಗುಮಾಸ್ತಿಕೆಗೋ ಹೋಗಬೇಕಲ್ಲ!

ಇದು ಶೋಕಿಯಲ್ಲ. ಎರಡು ಸೈಕಲ್ ಕೊಳ್ಳುವ ಶಕ್ತಿ ಇಲ್ಲದವನು ಕಂಡುಕೊಂಡ ಉಪಾಯ. ಸೈಕಲ್ಲಿನ ಚೌಕಟ್ಟು ಕೆಲಸಕ್ಕೂ ಓಟಕ್ಕೂ ಹೇಗೋ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳದೆ ಹಟ ಹಿಡಿಯುವುದು ಗಾಲಿ. ಕಲ್ಲು, ಮುಳ್ಳು, ಹೊಂಡಗಳನ್ನು ತಡೆಯುವ ಗಾಲಿ ಭಾರವಾಗಿರುತ್ತದೆ. ಹಗುರವಾಗಿ ಓಡುವ ಗಾಲಿ ಹೊಂಡಕ್ಕೆ ಬಿದ್ದರೆ ಸೊಟ್ಟಗಾಗುತ್ತದೆ. ಹಾಗಾದರೆ ಎರಡು ಜೊತೆ ಇಟ್ಟುಕೊಂಡರಾಯಿತು ಎಂಬ ಯೋಚನೆ ಹುಟ್ಟಿದ್ದು ಇಲ್ಲಿಂದ.

ಈಗ ಅದೇ ಪ್ರಶ್ನೆಯನ್ನು ನಮ್ಮ ಬೆಂಗಳೂರಿನ ಸೈಕಲ್ ಸವಾರರು ಕೇಳತೊಡಗಿದ್ದಾರೆ. ಅವರಲ್ಲಿ ಅನೇಕರ ಬಳಿ ಇರುವುದು ‘ಹೈಬ್ರಿಡ್’ ಎನ್ನುವ ಸೈಕಲ್. ಹೈಬ್ರಿಡ್ ಎಂದರೆ ಏನೆಂದು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋಳದಲ್ಲಾಗಲಿ ಹತ್ತಿಯಲ್ಲಾಗಲಿ ಎರಡು ತಳಿಗಳ ಗುಣ ಕೂಡಿಸಿದ್ದು. ಸೈಕಲ್ಲಿನಲ್ಲಿ ಆ ಎರಡು ತಳಿಗಳೆಂದರೆ ರಸ್ತೆಯ ಓಟದ ಸೈಕಲ್ ಮತ್ತು ಗುಡ್ಡಗಾಡಿನ ಸೈಕಲ್. ವಾರದ ಐದು ದಿನ ಗುಂಡಿ ಬಿದ್ದ ರಸ್ತೆಯಲ್ಲಿ ಕಚೇರಿಗೆ, ಭಾನುವಾರ ನಂದಿಬೆಟ್ಟಕ್ಕೆ. ಇದಕ್ಕೊಂದು, ಅದಕ್ಕೊಂದು ಎಂದು ಎರಡನೆಯ ಜೊತೆ ಗಾಲಿ ತರಲು ಹೊರಟವರಿಗೆ ಅಂಗಡಿಯಲ್ಲಿ ಆಗುವ ಅನುಭವ ವಿಚಿತ್ರವಾದದ್ದು: ಗಾಲಿಗಳು ಬೇಕಾದಷ್ಟಿವೆ, ತಮ್ಮ ಸೈಕಲ್ಲಿಗೆ ಕೂರುವುದು ಮಾತ್ರ ಕಡಿಮೆ. ಏಕೆ ಹೀಗೆ ಎಂಬುದು ತಿಳಿಯಬೇಕಾದರೆ ಗಾಲಿ ಬಿಚ್ಚಿ ಹಾಕುವ ವಸ್ತುವಾದದ್ದು ಹೇಗೆ ಎಂಬ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಮೊದಲಿಗೆ ಗಾಲಿ ಬದಲಿಸುವುದು ಎಂಬ ಮಾತಿಗೇ ಅರ್ಥವಿರಲಿಲ್ಲ. 1869ರಲ್ಲಿ ಪ್ಯಾರಿಸ್ಸಿನ ಯೂಜೀನ್ ಮೆಯರ್ ತಂತಿ ಕಡ್ಡಿಗಳ ಗಾಲಿಗೆ ಪೇಟೆಂಟ್ ಪಡೆದ. ಎತ್ತಿನ ಗಾಡಿಯ ಗಾಲಿಯಲ್ಲಿ ಭಾರ ಕೆಳಗಿನ ಅರೆಕಾಲಿನ ಮೇಲೆ ನಿಲ್ಲುತ್ತದೆ. ತಂತಿ ಗಾಲಿಯ ರೀತಿಯೇ ಬೇರೆ. ಅಲ್ಲಿ ಪ್ರತಿ ಕಡ್ಡಿಯೂ ವೀಣೆಯ ತಂತಿಯಂತೆ ಬಿಗಿದಿರುತ್ತದೆ. ರಿಮ್ಮು ವೃತ್ತಾಕಾರದಲ್ಲಿ ನಿಂತಿರುವುದೇ ಆ ಎಲ್ಲ ಬಿಗಿತಗಳ ಸಮತೋಲನದಿಂದ. ಸೈಕಲ್ ಅಂಗಡಿಯವರು ‘ಬೆಂಡ್ ತೆಗೆಯುವುದು’ ಎಂದರೆ ಈ ಸಮತೋಲನವನ್ನು ಮರಳಿ ತರುವುದೇ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ 1870ರ ದಶಕದಲ್ಲಿ ಇದನ್ನು ಇನ್ನಷ್ಟು ಸುಧಾರಿಸಿ, ಕಡ್ಡಿಗಳನ್ನು ಹಬ್ಬಿನಿಂದ ನೇರ ಹೊರಡಿಸದೆ ಓರೆಯಾಗಿ ಒಂದರ ಮೇಲೊಂದು ಹಾಯಿಸಿ ಕಟ್ಟುವ ಕ್ರಮ ತಂದ. ಇಂದಿಗೂ ನಮ್ಮ ಸೈಕಲ್ಲುಗಳಲ್ಲಿ ಕಡ್ಡಿ ಕಟ್ಟುವುದು ಆ ರೀತಿಯಲ್ಲೇ.

ಆದರೆ ಆ ಕಾಲದ ಸೈಕಲ್ಲಿನಲ್ಲಿ ಮುಂದೆ ಆಳೆತ್ತರದ ಗಾಲಿ, ಹಿಂದೆ ಬುಗುರಿಯಂಥದ್ದು. ಪೆಡಲ್ಲು ನೇರವಾಗಿ ಮುಂಗಾಲಿಗೇ. ಸವಾರನ ಕಾಲು ಎಷ್ಟು ಉದ್ದವೋ ಅಷ್ಟು ದೊಡ್ಡ ಗಾಲಿ. ಚಪ್ಪಲಿ ಹೊಲಿಸಿದ ಹಾಗೆ, ಒಬ್ಬನದು ಇನ್ನೊಬ್ಬನಿಗೆ ಬಾರದು. 1885ರಲ್ಲಿ ಜೇಮ್ಸನ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ ತಂದು, ಚೈನಿನಿಂದ ಹಿಂಗಾಲಿಯನ್ನು ತಿರುಗಿಸಿದ. ಅಲ್ಲಿಗೆ ಗಾಲಿಯ ಅಳತೆಗೂ ಕಾಲಿನ ಅಳತೆಗೂ ಇದ್ದ ನಂಟು ಹರಿಯಿತು. ಎಲ್ಲರಿಗೂ ಒಂದೇ ಅಳತೆಯ ಗಾಲಿ ಸಾಧ್ಯವಾಯಿತು. ಸೈಕಲ್ಲಿನ ಇತಿಹಾಸ ಬರೆಯುವವರು ರೋವರ್‌ನಿಂದ ಬಂದ ಸುರಕ್ಷತೆಯನ್ನು ಹೊಗಳುತ್ತಾರೆ. ಈ ಇನ್ನೊಂದು ಲಾಭವೂ ಸಣ್ಣದಲ್ಲ.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದದ್ದು ಎಲ್ಲರಿಗೂ ತಿಳಿದ ಸಂಗತಿ. ಆ ಟೈರಿನ ತೊಂದರೆ ಅಷ್ಟಾಗಿ ತಿಳಿದಿಲ್ಲ. ಅದನ್ನು ಬಟ್ಟೆ ಸುತ್ತಿ ಅಂಟುಹಾಕಿ ರಿಮ್ಮಿಗೆ ಮೆತ್ತಿರುತ್ತಿದ್ದರು. ಪಂಕ್ಚರ್ ಆದರೆ ಅಂಟು ಕೀಳಬೇಕು, ಹಾಕಬೇಕು, ಒಣಗಲು ಕಾಯಬೇಕು. ಫ್ರಾನ್ಸಿನ ಮಿಶೆಲಿನ್ ಸಹೋದರರು 1891ರಲ್ಲಿ ಬಿಚ್ಚಿ ಹಾಕುವ ಟೈರನ್ನು ಮಾಡಿದರು. ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಹಿಂತಿರುಗುವ ಸುಮಾರು 1200 ಕಿಲೋಮೀಟರಿನ ಮೊದಲ ಸ್ಪರ್ಧೆಯಲ್ಲಿ ಶಾರ್ಲ್ ತೆರೋಂ ಆ ಟೈರಿನ ಮೇಲೆ ಓಡಿ, ಡನ್‌ಲಪ್ ಟೈರಿನ ಎದುರಾಳಿಯನ್ನು ಹಿಂದಿಕ್ಕಿ ಗೆದ್ದ. ಮರುವರ್ಷ ಮಿಶೆಲಿನ್‌ನವರು ಪ್ಯಾರಿಸ್ಸಿನಿಂದ ತಮ್ಮ ಊರಾದ ಕ್ಲೆರ್ಮೋಂ ಫೆರಾಂಗೆ ಒಂದು ಸ್ಪರ್ಧೆ ಇಟ್ಟು, ರಸ್ತೆಗೆ ತಾವೇ ಮೊಳೆ ಚೆಲ್ಲಿಸಿದರಂತೆ! ಪಂಕ್ಚರ್ ಆಗಲಿ, ಬೇಗ ಸರಿಮಾಡಬಹುದೆಂದು ಜನ ನೋಡಲಿ ಎಂಬುದು ಉದ್ದೇಶ. ಪಂಕ್ಚರ್ ಅಂಗಡಿಯ ಆಸುಪಾಸಿನಲ್ಲಿ ಮೊಳೆ ಬೀಳುವ ಬಗ್ಗೆ ನಮ್ಮವರು ಆಡುವ ಅನುಮಾನದ ಮಾತಿಗೆ ಇಷ್ಟು ಹಳೆಯ ಮನೆತನವಿದೆ ಎಂದು ಯಾರು ಭಾವಿಸಿದ್ದರು?

ಟೈರು ಬಿಚ್ಚುವಂತಾಯಿತು. ಗಾಲಿಯನ್ನೇ ಬಿಚ್ಚುವ ಅಗತ್ಯ ತಂದದ್ದು ಬೆಟ್ಟ. ಟೂರ್ ಡಿ ಫ್ರಾನ್ಸ್ ಸ್ಪರ್ಧೆ 1903ರಲ್ಲಿ ಆರಂಭವಾದಾಗ ಸೈಕಲ್ಲಿಗೆ ಗೇರ್ ಇರಲಿಲ್ಲ. ಮುಂದೆ ಗೇರ್ ಬದಲಿಸುವ ಸಾಧನ ಬಂದರೂ ಸ್ಪರ್ಧೆಯ ಸ್ಥಾಪಕ ಆಂರಿ ದೆಗ್ರಾಂಜ್ ಅದಕ್ಕೆ ಅವಕಾಶ ಕೊಡಲಿಲ್ಲ. ಅದು ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಹಿಂಗಾಲಿಯ ಎರಡೂ ಬದಿಗೆ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಹಾಕಿಸಿಕೊಂಡಿರುತ್ತಿದ್ದರು. ಏರು ಬಂದಾಗ ಇಳಿದು, ನಟ್ಟು ಸಡಿಲಿಸಿ, ಗಾಲಿಯನ್ನು ತೆಗೆದು ತಿರುಗಿಸಿ, ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕಿ ಹತ್ತುವುದು. ತುದಿ ತಲುಪಿದ ಮೇಲೆ ಮತ್ತೆ ತಿರುಗಿಸುವುದು. ಹೀಗೆ ಗಾಲಿ ತೆಗೆದು ಹಾಕುವುದು ದುರಸ್ತಿಯ ಕೆಲಸವಾಗಿದ್ದದ್ದು ಸವಾರಿಯ ಒಂದು ಅಂಗವಾಯಿತು.

ಇಟಲಿಯ ತುಲಿಯೊ ಕಂಪನ್ಯೋಲೊನ ಕಥೆ ಹುಟ್ಟುವುದು ಈ ಹಂತದಲ್ಲಿ. 1927ರ ನವೆಂಬರ್‌ನಲ್ಲಿ ಒಂದು ಸ್ಪರ್ಧೆಯಲ್ಲಿ ಹಿಮ ಬೀಳುತ್ತಿದ್ದ ಬೆಟ್ಟದ ಕಣಿವೆದಾರಿಯಲ್ಲಿ ಆತ ಗಾಲಿ ತಿರುಗಿಸಲು ಇಳಿದ. ಮರಗಟ್ಟಿದ ಬೆರಳಿಗೆ ರೆಕ್ಕೆಯ ನಟ್ಟು ಜಗ್ಗಲಿಲ್ಲ. ಅಷ್ಟರಲ್ಲಿ ಉಳಿದವರು ಮುಂದೆ ಹೋದರು. ಹಿಂದೆ ಏನಾದರೂ ಬದಲಾಗಬೇಕು ಎಂದು ಆತ ಗೊಣಗಿಕೊಂಡ, ಹೀಗೆಂದು ಅವನ ಹೆಸರಿನ ಕಂಪನಿ ಹೇಳಿಕೊಂಡು ಬಂದಿದೆ. ಇದರ ವಿವರಗಳನ್ನು ಸಂದೇಹಿಸುವ ಇತಿಹಾಸಕಾರರೂ ಇದ್ದಾರೆ. ಕಂಪನಿಗಳು ಹೇಳುವ ಜನ್ಮಕಥೆಗಳನ್ನು ಸ್ಥಳಪುರಾಣದಂತೆ ಓದುವುದು ಲೇಸು: ಮಹಿಮೆಯನ್ನು ತಿಳಿಯೋಣ, ತಿಥಿಗೆ ಜಗಳವಾಡುವುದು ಬೇಡ. 1930ರ ದಶಕದಲ್ಲಿ ಆತ ಮಾರುಕಟ್ಟೆಗೆ ತಂದ ಸಾಧನವಂತೂ ನಿಜ. ಟೊಳ್ಳಾದ ಆಕ್ಸಲ್, ಅದರೊಳಗೆ ಹಾಯಿಸಿದ ತೆಳ್ಳನೆಯ ಸರಳು, ಸರಳಿನ ತುದಿಗೊಂದು ಹಿಡಿ. ಹಿಡಿಯನ್ನು ಮಡಿಸಿದರೆ ಗಾಲಿ ಬಿಗಿ, ತೆರೆದರೆ ಸಡಿಲು. ಪಾನಾ ಬೇಡ, ನಟ್ಟು ಕಳೆದುಹೋಗುವ ಭಯವಿಲ್ಲ. ಇಂದು ಹೈಬ್ರಿಡ್ ಸೈಕಲ್ ಉಳ್ಳವನು ಎರಡು ಜೊತೆ ಗಾಲಿಯ ಯೋಚನೆ ಮಾಡುವುದೇ ಈ ಹಿಡಿಯ ಕೃಪೆಯಿಂದ.

ಒಬ್ಬನ ಗಾಲಿ ಇನ್ನೊಬ್ಬನಿಗೆ ಹೊಂದುವುದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ಫ್ರಾನ್ಸಿನ ಜನ ಮರೆಯದ ಒಂದು ಪ್ರಸಂಗ ತೋರಿಸುತ್ತದೆ. 1934ರ ಟೂರ್ ಡಿ ಫ್ರಾನ್ಸ್. ಆಗ ತಂಡಗಳು ದೇಶದ ಹೆಸರಿನಲ್ಲಿದ್ದವು. ಫ್ರಾನ್ಸ್ ತಂಡದ ನಾಯಕ ಆಂತೊನಾಂ ಮಾನ್ಯ, ಸ್ಪರ್ಧೆಯಲ್ಲಿ ಮೊದಲ ಸ್ಥಾನದಲ್ಲಿದ್ದ. ಅದೇ ತಂಡದ ರೆನೆ ವಿಯೆತೊ ಇಪ್ಪತ್ತು ವರ್ಷದ ಹುಡುಗ, ಬೆಟ್ಟ ಹತ್ತುವುದರಲ್ಲಿ ಎಲ್ಲರನ್ನೂ ಮೀರಿಸಿದವನು. ಪಿರೆನೀಸ್ ಪರ್ವತದ ಒಂದು ಇಳಿಜಾರಿನಲ್ಲಿ ಮಾನ್ಯ ಬಿದ್ದು ಮುಂಗಾಲಿ ಮುರಿಯಿತು. ವಿಯೆತೊ ತನ್ನ ಗಾಲಿಯನ್ನು ಬಿಚ್ಚಿ ಕೊಟ್ಟ. ನಾಯಕ ಅದನ್ನು ಹಾಕಿಕೊಂಡು ಹೊರಟುಹೋದ. ಹುಡುಗ ಒಂದು ಗಾಲಿಯ ಸೈಕಲ್ ಪಕ್ಕಕ್ಕಿಟ್ಟು, ರಸ್ತೆಯಂಚಿನ ಕಲ್ಲುಗೋಡೆಯ ಮೇಲೆ ಕುಳಿತು, ಬದಲಿ ಗಾಲಿಯ ಗಾಡಿಗಾಗಿ ಕಾಯುತ್ತ ಅತ್ತ. ಆ ಚಿತ್ರ ದೇಶದ ಮನೆಮಾತಾಯಿತು. ಮರುದಿನ ಮುಂದೆ ಹೋಗಿದ್ದ ವಿಯೆತೊ, ನಾಯಕನಿಗೆ ಮತ್ತೆ ತೊಂದರೆಯಾಯಿತೆಂದು ತಿಳಿದು ಇಳಿದ ಬೆಟ್ಟವನ್ನೇ ಹಿಂದಕ್ಕೆ ಹತ್ತಿ ಹೋಗಿ ನೆರವಾದ. ಮಾನ್ಯ ಆ ವರ್ಷದ ಟೂರ್ ಗೆದ್ದ. ವಿಯೆತೊಗೆ ಬೆಟ್ಟದ ಬಹುಮಾನ ಬಂತು, ಒಟ್ಟಾರೆ ಐದನೆಯ ಸ್ಥಾನ. ಅವನು ಟೂರ್ ಅನ್ನು ಮುಂದೆಂದೂ ಗೆಲ್ಲಲಿಲ್ಲ. ಇದರಲ್ಲಿ ತ್ಯಾಗವನ್ನು ಕಂಡವರಿದ್ದಾರೆ, ತಂಡದ ಅಪ್ಪಣೆಯ ಕ್ರೌರ್ಯವನ್ನು ಕಂಡವರಿದ್ದಾರೆ. ಒಂದು ಮಾತಂತೂ ನಿಜ. ಇಬ್ಬರ ಗಾಲಿಯೂ ಒಂದೇ ಅಳತೆಯದ್ದಾಗಿರದಿದ್ದರೆ ತ್ಯಾಗಕ್ಕೂ ಅಪ್ಪಣೆಗೂ ಅಲ್ಲಿ ಜಾಗವಿರಲಿಲ್ಲ.

ಇಂಗ್ಲೆಂಡಿನ ಕಥೆ ಬೇರೆ ದಾರಿ ಹಿಡಿದದ್ದಕ್ಕೆ ಕಾರಣ ಪೊಲೀಸರು. 1894ರಲ್ಲಿ ಒಂದು ರಸ್ತೆ ಸ್ಪರ್ಧೆಯಲ್ಲಿ ಸವಾರರ ಗುಂಪು ಕಂಡು ಸಾರೋಟಿನ ಕುದುರೆ ಬೆದರಿ ಗಲಾಟೆಯಾಯಿತು. ಗುಂಪುಗೂಡಿ ರಸ್ತೆಯಲ್ಲಿ ಸ್ಪರ್ಧಿಸುವುದಕ್ಕೆ ಅಲ್ಲಿನ ಸೈಕಲ್ ಸಂಘವೇ ತಡೆ ಹಾಕಿತು. ಆ ಗುಂಪಿನಲ್ಲಿ ತಾನೂ ಇದ್ದ ಎಫ್. ಟಿ. ಬಿಡ್ಲೇಕ್ ಎಂಬಾತ 1895ರಲ್ಲಿ ಒಂದು ಉಪಾಯ ಹೂಡಿದ: ಸವಾರರನ್ನು ಒಬ್ಬೊಬ್ಬರನ್ನಾಗಿ ನಿಮಿಷದ ಅಂತರದಲ್ಲಿ ಬಿಡುವುದು. ಎದುರಾಳಿ ಗಡಿಯಾರ ಮಾತ್ರ. ಇದೇ ‘ಟೈಮ್ ಟ್ರಯಲ್’. ಸ್ಪರ್ಧೆ ಎಂದು ಯಾರಿಗೂ ಗೊತ್ತಾಗದಿರಲೆಂದು ಸೂರ್ಯೋದಯದ ಹೊತ್ತಿಗೆ ಓಟ, ಮೈತುಂಬ ಕಪ್ಪು ಬಟ್ಟೆ, ಜಾಗಕ್ಕೆ ಸಂಕೇತದ ಅಕ್ಷರಗಳು. ರಸ್ತೆ ಓಟವೆಂದರೆ ಬಹುಕಾಲ ಅಲ್ಲಿನವರಿಗೆ ಇದೇ. ಅಂಥ ವೇಳೆಯಲ್ಲಿ ಅಂಥ ಜಾಗಕ್ಕೆ ರೈಲು ಎಲ್ಲಿ? ಕಾರು ಯಾರಲ್ಲಿತ್ತು? ತುಳಿದುಕೊಂಡೇ ಬರಬೇಕು. ಬರುವ ದಾರಿಯಲ್ಲಿ ಓಟದ ಗಾಲಿ ಸವೆಯಬಾರದು, ಚುಚ್ಚಿಸಿಕೊಳ್ಳಬಾರದು. ಹಾಗಾಗಿ ಹೊತ್ತು ತರುವುದು.

ಆ ಓಟದ ಗಾಲಿಗೆ ಅವರ ಮಾತಿನಲ್ಲಿ ‘ಸ್ಪ್ರಿಂಟ್’ ಎಂದು ಹೆಸರು. ಅದರ ಟೈರಿನ ಒಳಗೇ ಟ್ಯೂಬನ್ನಿಟ್ಟು ಹೊಲಿದು, ಇಡಿಯದನ್ನು ರಿಮ್ಮಿಗೆ ಅಂಟಿಸುತ್ತಿದ್ದರು. ದಿನಬಳಕೆಗೆ ಸರಿಗೆ ಅಂಚಿನ ಸಾಮಾನ್ಯ ಟೈರು. ಎರಡೂ ಜೊತೆಯ ರಿಮ್ಮಿನ ವ್ಯಾಸ ಹೆಚ್ಚುಕಡಿಮೆಯಾದರೆ ಬ್ರೇಕಿನ ರಬ್ಬರು ರಿಮ್ಮನ್ನು ಬಿಟ್ಟು ಟೈರಿಗೋ ಗಾಳಿಗೋ ತಾಗುತ್ತದೆ. 27 × 1¼ ಇಂಚಿನ ಟೈರು ಅಲ್ಲಿ ಜನಪ್ರಿಯವಾಗಲು ಇದೂ ಒಂದು ಕಾರಣ. ಅದರ ಟೈರು ಕೂರುವ ವ್ಯಾಸ 630 ಮಿಲಿಮೀಟರ್. ಸ್ಪ್ರಿಂಟ್ ಗಾಲಿಯದು ಅದಕ್ಕೆ ಹತ್ತಿರ. ಬ್ರೇಕಿನ ರಬ್ಬರನ್ನು ನಾಲ್ಕು ಮಿಲಿಮೀಟರ್‌ನಷ್ಟು ಸರಿಸಿದರೆ ಕೆಲಸ ನಡೆಯುತ್ತಿತ್ತು. ಕಾರು ಕೈಗೆಟುಕುವಂತಾದ ಮೇಲೆ ಗಾಲಿ ಹೊರುವ ಪಟ್ಟಿಗಳು ಕ್ರಮೇಣ ಮರೆಯಾದವು. ಈಗ ಅವು ಹಳೆಯ ಸೈಕಲ್ ಸಂಗ್ರಹಿಸುವವರ ಮನೆಯಲ್ಲಿವೆ.

ಇಂಚು, ಮಿಲಿಮೀಟರ್ ಎಂದು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಗಾಲಿ ಕೊಳ್ಳುವವರು ಮೋಸಹೋಗುವುದು ಇಲ್ಲೇ. ಟೈರಿನ ಮೇಲೆ ಬರೆದಿರುವ 26, 28 ಎಂಬ ಇಂಚುಗಳು ಹುಟ್ಟಿದಾಗ ಗಾಳಿ ತುಂಬಿದ ಟೈರಿನ ಹೊರ ಅಂಚಿನ ಅಳತೆಗಳು. ಒಂದೇ ಹೊರ ಅಳತೆಗೆ ದಪ್ಪ ಟೈರಾದರೆ ಒಳಗಿನ ರಿಮ್ಮು ಚಿಕ್ಕದು, ಸಣ್ಣ ಟೈರಾದರೆ ರಿಮ್ಮು ದೊಡ್ಡದು. ಫ್ರಾನ್ಸಿನವರು ಇದಕ್ಕೆ ಅಕ್ಷರ ಹಚ್ಚಿದರು: 700 ಎ, 700 ಬಿ, 700 ಸಿ. ಎಲ್ಲದರ ಹೊರ ವ್ಯಾಸವೂ ಸುಮಾರು 700 ಮಿಲಿಮೀಟರ್. ರಿಮ್ಮು ಮಾತ್ರ ಕ್ರಮವಾಗಿ 642, 635, 622. ಕಾಲ ಕಳೆದಂತೆ ಸಿ ರಿಮ್ಮಿಗೆ ಸಣ್ಣ ಟೈರನ್ನೂ ಹಾಕತೊಡಗಿದರು. ಹೊರ ಅಳತೆ 700 ಉಳಿಯಲಿಲ್ಲ, ಹೆಸರು ಉಳಿಯಿತು. ನಮ್ಮ ಊರುಗಳಿಗೆ ಊರಿನವರಿಗೇ ಮರೆತುಹೋದ ಕಾರಣಕ್ಕೆ ಹೆಸರಿರುತ್ತದಲ್ಲ, ಹಾಗೆ.

ಇದಕ್ಕಿಂತ ಸೋಜಿಗದ ಸಂಗತಿಗಳಿವೆ. 26 × 1¾ ಎಂದು ಭಿನ್ನರಾಶಿಯಲ್ಲಿ ಬರೆದ ಟೈರೂ 26 × 1.75 ಎಂದು ದಶಮಾಂಶದಲ್ಲಿ ಬರೆದ ಟೈರೂ ಲೆಕ್ಕದ ಮೇಷ್ಟ್ರಿಗೆ ಒಂದೇ. ರಿಮ್ಮಿಗೆ ಬೇರೆ ಬೇರೆ. ಮೊದಲನೆಯದು 571, ಎರಡನೆಯದು 559. ಇನ್ನೊಂದು ಕಡೆ, ಗುಡ್ಡಗಾಡಿನ ಸೈಕಲ್ಲಿನವರು ‘29 ಇಂಚು’ ಎಂದು ಮಾರುವ ಗಾಲಿಯ ರಿಮ್ಮೂ 700 ಸಿ ರಿಮ್ಮೂ ಒಂದೇ 622. ಕೊನೆಗೆ ಯುರೋಪಿನ ಟೈರು ಮತ್ತು ರಿಮ್ ತಯಾರಕರ ಸಂಸ್ಥೆಯೊಂದು ಇಂಚಿನ ಗೊಂದಲ ಬಿಟ್ಟು, ಟೈರಿನ ಅಗಲ ಮತ್ತು ಅದು ಕೂರುವ ರಿಮ್ಮಿನ ವ್ಯಾಸ ಎರಡನ್ನೇ ಮಿಲಿಮೀಟರಿನಲ್ಲಿ ಬರೆಯುವ ಕ್ರಮ ತಂದಿತು. 37-622 ಎಂದರೆ 37 ಅಗಲ, 622 ವ್ಯಾಸ. ಅಂತರರಾಷ್ಟ್ರೀಯ ಮಾನಕವಾದದ್ದು ಅದೇ.

ನಮ್ಮ ದೇಶದಲ್ಲಿ ಮಾತ್ರ ಈ ಗೊಂದಲದ ಬಿಸಿ ಬಹುಕಾಲ ತಟ್ಟಲಿಲ್ಲ. ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಯಾವುದೇ ಇರಲಿ, ದೊಡ್ಡ ಕಪ್ಪು ಸೈಕಲ್ಲಿಗೆ 28 × 1½ ಟೈರು, 635ರ ರಿಮ್ಮು. ಹಳೆಯ ಬ್ರಿಟಿಷ್ ಪದ್ಧತಿಯಂತೆ ಮುಂಗಾಲಿಗೆ 32 ಕಡ್ಡಿ, ಹಿಂಗಾಲಿಗೆ 40. ಸರಳಿನ ಬ್ರೇಕು ರಿಮ್ಮನ್ನು ಪಕ್ಕದಿಂದ ಹಿಡಿಯದೆ ಒಳಮೈಗೆ ಎಳೆದು ಒತ್ತುತ್ತಿತ್ತು, ಅದಕ್ಕೆ ತಕ್ಕ ಬಾಗಿದ ರಿಮ್ಮು. ಬೀದರಿನಲ್ಲಿ ಕೊಂಡ ಸೈಕಲ್ಲಿನ ರಿಮ್ಮು ಚಾಮರಾಜನಗರದಲ್ಲಿ ಸಿಗುತ್ತಿತ್ತು. ಹಾಲಿನ ಕ್ಯಾನು, ಮೇವಿನ ಹೊರೆ, ಮುಂದೆ ಮಗು ಹಿಂದೆ ಹೆಂಡತಿ, ಎಲ್ಲಕ್ಕೂ ಅದೇ ಗಾಲಿ. ಭಾರವಿತ್ತು, ಮಳೆಯಲ್ಲಿ ಬ್ರೇಕು ಹಿಡಿಯುತ್ತಿರಲಿಲ್ಲ, ನಿಜ. ಆದರೆ ಸೈಕಲ್ಲಿನ ಮೇಲೆ ಹೊಟ್ಟೆಪಾಡು ನಡೆಸುವವನಿಗೆ ಸಂಜೆಯೊಳಗೆ ಗಾಲಿ ಸರಿಯಾಗಿ ಸಿಗುವುದು ಮುಖ್ಯವೇ ಹೊರತು ಹಗುರವಾಗಿ ಸಿಗುವುದಲ್ಲ. ಒಂದೇ ಅಳತೆಯ ಉಪಕಾರವನ್ನು ಅನುಭವಿಸಿದವರು ನಾವು. ಅದು ಅಳತೆಯ ಉಪಕಾರವೆಂದು ನಮಗೆ ತೋರಿದ್ದು ಅದು ತಪ್ಪಿದ ಮೇಲೆ.

ತಪ್ಪಿದ್ದು ಹೇಗೆ? 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಗುಡ್ಡದ ಮಣ್ಣುದಾರಿ ಇಳಿಯುವ ಆಟ ಕಟ್ಟಿದರು. ಜೋ ಬ್ರೀಜ್, ಗ್ಯಾರಿ ಫಿಶರ್ ಅವರಲ್ಲಿ ಹೆಸರಾದವರು. ಅದರಿಂದ ಹೊಸ ಕುಲವೊಂದು ಹುಟ್ಟಿತು: 559ರ ದಪ್ಪ ಗಾಲಿ, ನೇರ ಹ್ಯಾಂಡಲ್, ಅಗಲವಾದ ಹಿಂದಿನ ಹಬ್. ರಸ್ತೆ ಸೈಕಲ್ಲಿನಲ್ಲಿ ಹಲ್ಲುಚಕ್ರಗಳ ಸಂಖ್ಯೆ ಏರಿದಂತೆ ಹಿಂದಿನ ಹಬ್ಬಿನ ಅಗಲ 120ರಿಂದ 126ಕ್ಕೆ, ಅಲ್ಲಿಂದ 130 ಮಿಲಿಮೀಟರಿಗೆ ಬಂದು ನಿಂತಿತು. ಗುಡ್ಡದ ಸೈಕಲ್ಲಿನವರು ಗಾಲಿ ಇನ್ನೂ ಗಟ್ಟಿಯಾಗಲೆಂದು 135 ಇಟ್ಟುಕೊಂಡರು. 1980ರ ದಶಕದ ಕೊನೆಯ ಹೊತ್ತಿಗೆ ಎರಡನ್ನೂ ಕೂಡಿಸಿ ಹೈಬ್ರಿಡ್ ಬಂತು. ಅದು ರಿಮ್ಮನ್ನು ರಸ್ತೆಯ ಕಡೆಯಿಂದ ಪಡೆಯಿತು, ಹಬ್ಬನ್ನು ಬಹುಪಾಲು ಗುಡ್ಡದ ಕಡೆಯಿಂದ. ಅಮ್ಮನ ಮನೆಯಲ್ಲಿ ಒಂದು ಲೆಕ್ಕ, ಅಪ್ಪನ ಮನೆಯಲ್ಲಿ ಇನ್ನೊಂದು.

ಎರಡನೆಯ ಜೊತೆ ಗಾಲಿ ಹುಡುಕುವವನ ಕಷ್ಟ ಇಲ್ಲಿ ಹುಟ್ಟುತ್ತದೆ. ಭಾನುವಾರದ ಸವಾರಿಗೆಂದು ರಸ್ತೆಯ ಓಟದ ಹಗುರ ಗಾಲಿ ತರುತ್ತಾನೆ. ರಿಮ್ಮು 622, ಸರಿ, ಟೈರು ಕೂರುತ್ತದೆ, ಮುಂಗಾಲಿಯೂ ಹೊಂದಬಹುದು. ಹಿಂಗಾಲಿ 130, ಚೌಕಟ್ಟಿನ ಬಾಯಿ 135. ಐದು ಮಿಲಿಮೀಟರ್ ತಾನೆ ಎಂದು ಹಿಡಿಯನ್ನು ಬಲವಾಗಿ ಒತ್ತಿ ಬಿಗಿಯುವವರಿದ್ದಾರೆ. ಹಳೆಯ ಉಕ್ಕಿನ ಚೌಕಟ್ಟು ಒಂದಿಷ್ಟು ಬಾಗಿ ಸಹಿಸಿಕೊಂಡೀತು. ಇಂದಿನ ಅಲ್ಯೂಮಿನಿಯಂ ಚೌಕಟ್ಟಿಗೆ ಈ ಹಿಂಸೆ ಕೂಡದು. ಆಕ್ಸಲ್ ಬದಲಿಸಿ ಬಿಲ್ಲೆ ಸೇರಿಸಿ ಅಗಲ ಮಾಡಿಕೊಡುವ ಕುಶಲಿಗಳಿದ್ದಾರೆ. ಆದರೆ ಅಷ್ಟು ಮಾಡಿಸುವ ಹಣಕ್ಕೆ 135ರ ಹಬ್ಬಿನ ಗಾಲಿಯನ್ನೇ ಕಟ್ಟಿಸಬಹುದು. ಇತ್ತೀಚಿನ ಸೈಕಲ್ಲಿನಲ್ಲಾದರೆ ತೆರೆದ ಬಾಯಿಯೇ ಇಲ್ಲ. ದಪ್ಪ ಆಕ್ಸಲ್ಲನ್ನು ಚೌಕಟ್ಟಿನ ತೂತಿನೊಳಗೆ ತೂರಿಸಿ ತಿರುಗಿಸುವುದು, ಅಗಲ 142, 148. ಹಬ್ಬಿನ ಅಗಲ ಮೊದಲು, ರಿಮ್ಮಿನ ಅಂದ ಆಮೇಲೆ.

ಮುಂದಿನದು ಹಲ್ಲುಚಕ್ರಗಳ ಗೊಂಚಲು. ಹಿಂದೆ ಫ್ರೀವೀಲನ್ನು ಹಬ್ಬಿಗೆ ತಿರುಪಿನಿಂದ ಹಾಕುತ್ತಿದ್ದರು. 1978ರಲ್ಲಿ ಜಪಾನಿನ ಶಿಮಾನೊ ಕಂಪನಿ ಫ್ರೀವೀಲಿನ ಯಂತ್ರವನ್ನು ಹಬ್ಬಿನಲ್ಲೇ ಅಡಗಿಸಿ, ಹಲ್ಲುಚಕ್ರಗಳನ್ನು ಗಾಡಿನಂಥ ಏಣುಗಳ ಮೇಲೆ ಜಾರಿಸಿ ಕೂರಿಸುವ ಕ್ರಮ ತಂದಿತು. ಎಂಟು, ಒಂಬತ್ತು, ಹತ್ತು ಚಕ್ರಗಳ ಗೊಂಚಲು ಒಂದೇ ಹಬ್ಬಿಗೆ ಬಂತು. ರಸ್ತೆಯ ಹನ್ನೊಂದು ಬಂದಾಗ ಹಬ್ ಸುಮಾರು ಎರಡು ಮಿಲಿಮೀಟರ್ ಅಗಲವಾಯಿತು. ಆಮೇಲೆ ಬೇರೆ ಬೇರೆ ಕಂಪನಿ ಬೇರೆ ಬೇರೆ ಏಣು. ಎರಡನೆಯ ಜೊತೆಗೂ ಒಂದು ಗೊಂಚಲು ಬೇಕೆಂಬುದನ್ನು ಬಜೆಟ್ ಹಾಕುವಾಗ ಬಹಳ ಜನ ಮರೆಯುತ್ತಾರೆ. ಗಾಲಿ ಎರಡು ಜೊತೆಯಾದರೂ ಚೈನು ಒಂದೇ. ಹಳೆಯ ಗೊಂಚಲಿನೊಡನೆ ಸವೆದು ಹಿಗ್ಗಿದ ಚೈನು ಹೊಸ ಗೊಂಚಲಿನ ಮೇಲೆ ಜಿಗಿಯುತ್ತದೆ. ಎರಡನೆಯ ಜೊತೆ ತರುವ ದಿನವೇ ಚೈನನ್ನೂ ಅಳೆದು ನೋಡಬೇಕು.

ಬ್ರೇಕಿನ ವಿಷಯದಲ್ಲಿ ಮಾತ್ರ ಹೊಸ ಕಾಲ ಒಂದು ಉಪಕಾರವನ್ನೂ ಮಾಡಿದೆ. ರಿಮ್ಮನ್ನು ಹಿಡಿಯುವ ಬ್ರೇಕಿದ್ದರೆ ಎರಡೂ ಜೊತೆಯ ರಿಮ್ಮು ಒಂದೇ ವ್ಯಾಸ, ಹೆಚ್ಚುಕಡಿಮೆ ಒಂದೇ ಅಗಲ ಇರಲೇಬೇಕು. ಡಿಸ್ಕ್ ಬ್ರೇಕಿಗೆ ರಿಮ್ಮಿನ ಹಂಗಿಲ್ಲ. ಚೌಕಟ್ಟಿನಲ್ಲಿ ಜಾಗವಿದ್ದರೆ ಒಂದು ಜೊತೆ 622, ಇನ್ನೊಂದು 584ರ ದಪ್ಪ ಟೈರು ಎಂದೂ ಇಟ್ಟುಕೊಳ್ಳಬಹುದು. ಆದರೆ ಎರಡು ಹಬ್ಬುಗಳಲ್ಲಿ ಡಿಸ್ಕ್ ಕೂರುವ ಜಾಗ ಕೂದಲೆಳೆಯಷ್ಟು ಆಚೀಚೆಯಾದರೂ ಕಿರ್ ಕಿರ್ ಎಂಬ ಸದ್ದು ಜೊತೆಯಲ್ಲೇ ಬರುತ್ತದೆ. ಅದನ್ನು ಸರಿಪಡಿಸಲು 0.2 ಮಿಲಿಮೀಟರ್ ದಪ್ಪದ ಬಿಲ್ಲೆಗಳು ಸಿಗುತ್ತವೆ. ಎರಡೂ ಜೊತೆಗೆ ಒಂದೇ ತಯಾರಕರ ಹಬ್ ಆರಿಸಿದರೆ ಈ ಉಪದ್ರವ ಬಹುಮಟ್ಟಿಗೆ ಇರುವುದಿಲ್ಲ. ಅಳತೆಗಳು ಹೀಗೆ ಕವಲೊಡೆದದ್ದರ ಪೆಟ್ಟು ವೃತ್ತಿಪರರಿಗೂ ಬಿತ್ತು. ಮಾವಿಕ್ ಕಂಪನಿಯ ಹಳದಿ ಗಾಡಿಗಳು 1970ರ ದಶಕದಿಂದ ಸ್ಪರ್ಧೆಗಳಲ್ಲಿ ಯಾವ ತಂಡದವನಿಗಾದರೂ ಗಾಲಿ ಕೊಡುತ್ತಿದ್ದವು. ಡಿಸ್ಕ್ ಬ್ರೇಕು, ತೂರುವ ಆಕ್ಸಲ್ ಬಂದ ಮೇಲೆ ಅಂಥ ಗಾಡಿಗಳು ನಾನಾ ಬಗೆಯ ಗಾಲಿಗಳನ್ನು ಹೊರಬೇಕಾಯಿತು.

ಇಷ್ಟೆಲ್ಲ ಆದ ಮೇಲೆ ಎರಡನೆಯ ಜೊತೆ ಬೇಕೇ ಎಂಬ ಪ್ರಶ್ನೆಯೂ ಉಂಟು. ಸಣ್ಣ ಟೈರು, ಕಲ್ಲಿನಂತೆ ಗಾಳಿ, ಇದೇ ವೇಗ ಎಂದು ಬಹುಕಾಲ ನಂಬಿದ್ದರು. ಫ್ರಾನ್ಸಿನ ಸಾಂತ್ ಎತಿಯೆನ್ ಪಟ್ಟಣದ ಪಾಲ್ ದ ವಿವಿ ಮಾತ್ರ ‘ವೆಲೊಸಿಯೊ’ ಎಂಬ ಹೆಸರಿನಲ್ಲಿ ತನ್ನ ಪತ್ರಿಕೆಯಲ್ಲಿ ಗೇರಿನ ಪರವಾಗಿಯೂ ಅಗಲ ಟೈರಿನ ಪರವಾಗಿಯೂ 1930ರಲ್ಲಿ ಸಾಯುವವರೆಗೆ ವಾದಿಸುತ್ತಲೇ ಇದ್ದ. ಓಟದ ಜಗತ್ತು ಅವನನ್ನು ಹೆಚ್ಚು ಕೇಳಲಿಲ್ಲ. ಕಳೆದ ಹದಿನೈದು ವರ್ಷಗಳಿಂದೀಚೆಗೆ ಅದೇ ಜಗತ್ತು 23 ಮಿಲಿಮೀಟರಿನ ಟೈರು ಬಿಟ್ಟು 25ಕ್ಕೆ, 28ಕ್ಕೆ, ಅದರಾಚೆಗೂ ಬಂದಿದೆ. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಹರಳಿಗೂ ಸವಾರನನ್ನು ಎತ್ತಿ ಹಾಕುತ್ತದೆ. ಮುಂದೆ ಹೋಗಬೇಕಾದ ಶಕ್ತಿ ಮೈ ಕುಲುಕುವುದರಲ್ಲಿ ಕಳೆದುಹೋಗುತ್ತದೆ ಎಂಬುದು ಈಗ ಒಪ್ಪಿತವಾದ ಮಾತು. ನಮ್ಮ ರಸ್ತೆಗಳಲ್ಲಿ ಸಣ್ಣ ಟೈರಿಗೆ ಇನ್ನೊಂದು ಗಂಡಾಂತರ: ಗುಂಡಿಗೆ ಬಿದ್ದಾಗ ರಿಮ್ಮಿನ ಎರಡೂ ಅಂಚು ಟ್ಯೂಬನ್ನು ಕಚ್ಚಿ ಜೋಡಿ ತೂತು ಮಾಡುತ್ತದೆ.

ಆದ್ದರಿಂದ ಹೈಬ್ರಿಡ್ಡಿನವರು ಮೊದಲು ಟೈರು ಬದಲಿಸಿ ನೋಡುವುದು ಮೇಲು. ಒರಟು ಗುಬುಟಿನ 40ರ ಟೈರಿನ ಬದಲು ನುಣುಪಾದ, ಮೆತ್ತನೆಯ 32ರ ಟೈರು ಹಾಕಿದರೆ ಅದೇ ಸೈಕಲ್ ಎಂದು ನಂಬುವುದು ಕಷ್ಟ. ರಿಮ್ಮಿನ ಹೊರ ಅಂಚಿನ ತೂಕ ವೇಗ ಹೆಚ್ಚಿಸುವಾಗ ಸುಮಾರು ಎರಡರಷ್ಟಾಗಿ ಕಾಡುತ್ತದೆಂಬುದು ಭೌತಶಾಸ್ತ್ರದ ಲೆಕ್ಕ, ಸುಳ್ಳಲ್ಲ; ಆದರೆ ಒಂದೇ ವೇಗದಲ್ಲಿ ತುಳಿಯುವಾಗ ಆ ಲೆಕ್ಕ ಲೆಕ್ಕಕ್ಕೇ ಬರುವುದಿಲ್ಲ. ವಾರವಾರವೂ ಟೈರು ಕಿತ್ತು ಹಾಕುವ ತಾಳ್ಮೆ ಇಲ್ಲದವರಿಗೆ, ಎರಡು ಬಗೆಯ ಸವಾರಿ ನಿಜಕ್ಕೂ ಇರುವವರಿಗೆ ಎರಡನೆಯ ಜೊತೆ ಸಾರ್ಥಕ. ಹಾಗೆ ಕೊಳ್ಳುವಾಗ ಹೊಸ ಗಾಲಿ ದಿನಬಳಕೆಗೆ, ಹಳೆಯದು ಭಾನುವಾರಕ್ಕೆ ಎಂದು ತಿರುಗಾಮುರುಗಾ ಮಾಡುವುದರಲ್ಲೂ ಅರ್ಥವಿದೆ. ದಿನದ ಹೊಂಡಗಳನ್ನು ತಿನ್ನುವ ಗಾಲಿ 32 ಅಥವಾ 36 ಕಡ್ಡಿಯದಾಗಿ, ಕೈಯಲ್ಲಿ ಬಿಗಿದು ಕಟ್ಟಿಸಿದ್ದಾಗಿರಲಿ. ಒಂದು ಕಡ್ಡಿ ಮುರಿದರೂ ಅದು ಮನೆ ಮುಟ್ಟಿಸುತ್ತದೆ, ಬದಲಿ ಕಡ್ಡಿ ಊರಿನ ಅಂಗಡಿಯಲ್ಲೇ ಸಿಗುತ್ತದೆ. ಇಪ್ಪತ್ತು ಕಡ್ಡಿಯ ಚಪ್ಪಟೆ ತಂತಿಯ ಗಾಲಿಯಲ್ಲಿ ಒಂದು ಹೋದರೆ ರಿಮ್ಮು ಬ್ರೇಕಿಗೆ ಉಜ್ಜುತ್ತ ಅಲ್ಲೇ ನಿಲ್ಲುತ್ತದೆ; ಅದರ ಕಡ್ಡಿ ಬರುವವರೆಗೆ ಬಸ್ಸೇ ಗತಿ.

ಅಂಗಡಿಗೆ ಹೋಗುವ ಮುನ್ನ ಹಿಂಗಾಲಿ ಬಿಚ್ಚಿ, ಚೌಕಟ್ಟಿನ ಬಾಯಿಯ ಒಳ ಅಗಲವನ್ನು ಸ್ಕೇಲಿಟ್ಟು ಅಳೆಯಬೇಕು. ಹಲ್ಲುಚಕ್ರಗಳನ್ನು ಎಣಿಸಬೇಕು. ಟೈರಿನ ಪಕ್ಕೆಯಲ್ಲಿ, ಕಂಪನಿಯ ದೊಡ್ಡ ಅಕ್ಷರಗಳ ನಡುವೆ ಉಬ್ಬಾಗಿ ಒತ್ತಿರುವ ಆ ಸಣ್ಣ ಅಂಕಿಯನ್ನು ಒರೆಸಿ ಓದಿ ಬರೆದುಕೊಳ್ಳಬೇಕು. ಇಂಚು ಎಷ್ಟೆಂದು ಅಂಗಡಿಯವನು ಕೇಳಿದರೆ ಆ ಚೀಟಿಯನ್ನೇ ಅವನ ಕೈಗೆ ಕೊಡುವುದು.